ಎಲ್ಲ ಮಕ್ಕಳ ಬಾಯಲ್ಲೂ ಒಂದೇ ಹೆಪ್ಪು

ನಾನು ಸಂಶಯದ ಮನುಷ್ಯ. ಮನೆಯಲ್ಲಿ ಇದಕ್ಕಾಗಿ ಬೈಸಿಕೊಳ್ಳುತ್ತೇನೆ, ವಿಭಾಗದಲ್ಲಿ ಇದರಿಂದಲೇ ಅನ್ನ ತಿನ್ನುತ್ತೇನೆ. ಪಿಎಚ್‌ಡಿ ಹುಡುಗರಿಗೆ ಗೈಡ್ ಆದವನು ತಂದುಕೊಟ್ಟಿದ್ದನ್ನೆಲ್ಲ ನಂಬುತ್ತ ಕೂತರೆ ರಬ್ಬರ್ ಸ್ಟ್ಯಾಂಪಿಗೂ ಅವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಜೇವರ್ಗಿ ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವರ ಮನೆಯಲ್ಲಿ ಬೆಳೆದವನು ನಾನು.

ಅಫಜಲಪುರ ಕಡೆಯ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಹೇಗೆ ಕಲಿಯುತ್ತಾರೆ ಎಂಬುದು ಅವಳ ವಿಷಯ. ಆಳಂದದಿಂದಾಚೆ, ಗಡಿಗೆ ಅಂಟಿಕೊಂಡ ಒಂದು ಹಳ್ಳಿಯ ಕನ್ನಡ ಶಾಲೆಯನ್ನು ಆರಿಸಿಕೊಂಡಿದ್ದಳು. ಮಗುವಿನ ಮುಂದೆ ನಾಲ್ಕು ಚಿತ್ರ ಇಟ್ಟು ಕತೆ ಹೇಳಿಸಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಮಗು ಎಲ್ಲಿ ತಡವರಿಸುತ್ತದೆ, ಎಲ್ಲಿ ಮರಾಠಿಗೆ ಜಾರುತ್ತದೆ ಎಂಬುದೇ ನಮಗೆ ಬೇಕಾದದ್ದು. ಚಿತ್ರದಲ್ಲಿ ಇದ್ದದ್ದಿಷ್ಟು: ಬುಟ್ಟಿಯಲ್ಲಿ ರೊಟ್ಟಿ ಇದೆ, ಆಡು ಬರುತ್ತದೆ, ರೊಟ್ಟಿ ತಿನ್ನುತ್ತದೆ, ಹೆಂಗಸೊಬ್ಬಳು ಕೋಲು ಹಿಡಿದು ಅದನ್ನು ಓಡಿಸುತ್ತಾಳೆ. ಪ್ರಬಂಧದಲ್ಲಿ ಇದೊಂದೇ ಅಧ್ಯಾಯ ಬಾಕಿ. ಬೇಸಿಗೆ ರಜೆಯೊಳಗೆ ಸಲ್ಲಿಸದಿದ್ದರೆ ಅವಳ ನೋಂದಣಿಯೇ ರದ್ದು, ಇಷ್ಟು ವರ್ಷದ ಓಡಾಟ ನೀರುಪಾಲು.

ರೆಕಾರ್ಡಿಂಗ್ ತಂದುಕೊಟ್ಟಾಗ ಅವಳ ಮುಖ ಅರಳಿತ್ತು. "ಭಾಳ ಚಂದ ಬಂದಾವ್ರಿ ಸರ್," ಅಂದಳು. ಕೇಳಿದೆ. ಚಂದವೇ ಬಂದಿದ್ದವು. ಒಂದು ಮಗುವೂ ತಡವರಿಸಲಿಲ್ಲ. ಎಲ್ಲವೂ ಮಗ್ಗಿ ಒಪ್ಪಿಸಿದ ಹಾಗೆ ಗಡಗಡ ಹೇಳಿಬಿಟ್ಟಿದ್ದವು. ರೊಟ್ಟಿ ಬಿಟ್ಟು ಆ ಹೆಂಗಸು ಎಲ್ಲಿಗೆ ಹೋಗಿದ್ದಳು? ಪಕ್ಕದ ಮನೆಗೆ, ಮೊಸರಿಗೆ ಹೆಪ್ಪು ತರಲು. ಮುಂದಿನ ಮಗುವಿಗೂ ಹೆಪ್ಪು, ಅದರ ಮುಂದಿನದಕ್ಕೂ ಹೆಪ್ಪು. ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಮೊಸರೂ ಇಲ್ಲ, ಪಕ್ಕದ ಮನೆಯೂ ಇಲ್ಲ.

ತಲೆಯೊಳಗೆ ಸಂಶಯದ ಪಿಶಾಚಿ ಎದ್ದು ಕೂತಿತು. ಈಕೆ ಹಳ್ಳಿಗೆ ಹೋಗೇ ಇಲ್ಲ, ಅಫಜಲಪುರದ ಮನೆಯಲ್ಲಿ ಕೂತು ಓಣಿಯ ಹುಡುಗರಿಂದ ಬರೆದದ್ದನ್ನು ಓದಿಸಿದ್ದಾಳೆ ಅಂದುಕೊಂಡೆ. "ನಾಳೆ ನಾನೂ ಬರ್ತೇನಿ," ಅಂದೆ ಅಷ್ಟೆ.

"ನಿಮಗ್ಯಾಕ್ರಿ ಸರ್ ತ್ರಾಸ? ಬಸ್ಸು ನೆಟ್ಟಗಿಲ್ಲ."

ತ್ರಾಸು ತಪ್ಪಿಸಲು ಹೊರಟವರನ್ನು ಕಂಡರೆ ನನಗೆ ಇನ್ನೂ ಅನುಮಾನ. ದಾರಿಯುದ್ದಕ್ಕೂ ಕಿಟಕಿಯಾಚೆ ತೊಗರಿ ಕಟಾವು ನಡೆದಿತ್ತು. ನಾನು ನೋಡುತ್ತಿದ್ದದ್ದು ಅವಳ ಫೋನನ್ನು. ಆಳಂದದಲ್ಲಿ ಬಸ್ಸು ಬದಲಿಸುವಾಗ ಯಾರಿಗೋ ಮೆಸೇಜ್ ಹಾಕಿದಳು. ಹಳ್ಳಿಯವರಿಗೆ ಸುಳಿವು ಕೊಡುತ್ತಿದ್ದಾಳೆ ಅನ್ನಿಸಿತು.

ಶಾಲೆ ಇತ್ತು, ಮಕ್ಕಳಿದ್ದರು, ಎಲ್ಲರಿಗೂ ಅವಳ ಗುರುತಿತ್ತು. ಹೋಗಿಲ್ಲ ಎಂಬ ನನ್ನ ಮೊದಲ ಲೆಕ್ಕ ತಪ್ಪಿತು. ಇನ್ನೂ ರೆಕಾರ್ಡ್ ಆಗದ ಒಬ್ಬ ಹುಡುಗಿಯನ್ನು ಕರೆಸಿದೆ. ಪಡಸಾಲೆಯಲ್ಲಿ ಕೂಡಿಸಿದೆವು. ನನ್ನ ವಿದ್ಯಾರ್ಥಿನಿ ಇನ್ನೂ ಚೀಲದಿಂದ ಚಿತ್ರ ತೆಗೆಯುತ್ತಿದ್ದಳು. ಅಷ್ಟರಲ್ಲೇ ಆ ಮಗು ಕೈಕಟ್ಟಿ, ಕಣ್ಣು ಮುಚ್ಚಿ ಶುರುಮಾಡಿತು. "ಒಂದು ಊರಿನ್ಯಾಗ ಒಬ್ಬಾಕಿ ಹೆಣ್ಮಗಳು ಇದ್ದಳು. ಆಕಿ ರೊಟ್ಟಿ ಮಾಡಿ ಇಟ್ಟು..." ಅಲ್ಲಿಗೆ ನಿಂತಿತು. ಕಿಟಕಿಯ ಸರಳಿನಾಚೆಯಿಂದ ಹೆಂಗಸಿನ ಪಿಸುದನಿ ಬಂತು: "ಹೆಪ್ಪು, ಹೆಪ್ಪು."

ನನ್ನ ವಿದ್ಯಾರ್ಥಿನಿಯ ಕೈಯಲ್ಲಿ ಚಿತ್ರಗಳು ಹಾಗೇ ಉಳಿದವು. ಅವಳ ಮುಖ ಬಿಳಿಚಿಕೊಂಡಿತ್ತು.

ಕಿಟಕಿಯಾಚೆ ಇದ್ದವಳನ್ನು ಒಳಗೆ ಕರೆದೆ. ನಿಂಬರ್ಗಾದಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಓಣಿಯಲ್ಲಿ ಕನ್ನಡ ಚೆನ್ನಾಗಿ ಬಲ್ಲವಳು ಅವಳೊಬ್ಬಳೇ. ಮೊದಲ ದಿನ ಒಬ್ಬ ಹುಡುಗ ಕತೆ ಬಾರದೆ, ರೆಕಾರ್ಡ್ ಆಗುವ ಮೊದಲೇ ಅಳುತ್ತ ಮನೆಗೆ ಹೋಗಿದ್ದನಂತೆ. ಹಿಟ್ಟಿನ ಗಿರಣಿಯಲ್ಲಿ ಸುದ್ದಿ ಹಬ್ಬಿತು. ಅವನಿಂದ ಚಿತ್ರದ ವಿವರ ಕೇಳಿ, ಈಕೆ ಕತೆ ಕಟ್ಟಿ ತಾಯಂದಿರಿಗೆ ಕಲಿಸಿದಳು, ತಾಯಂದಿರು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು.

"ಮಕ್ಕಳಿಗಿ ಕನ್ನಡ ಬರಲ್ಲಂತ ಬರಕೊಂಡು ಹೋದ್ರ ಶಾಲಿ ಮುಚ್ಚತಾರಂತ ಅಂಜಿಕಿ ಬಂತ್ರಿ," ಅಂದಳು. ನಂತರ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ನೀವು ಮುಚ್ಚಾಕ ಬಂದೀರೇನ್ರಿ?"

ಇಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನನಗೆ ಅವಳ ಮೇಲೆ ಗೌರವ ಹುಟ್ಟಿತು.

ಆ ರೆಕಾರ್ಡಿಂಗ್‌ಗಳಿಂದ ಮಕ್ಕಳ ಕನ್ನಡದ ಬಗ್ಗೆ ಒಂದು ಸಾಲೂ ಬರೆಯುವಂತಿರಲಿಲ್ಲ. ಅಧ್ಯಾಯ ಬಿದ್ದುಹೋಯಿತು. ವಾಪಸು ಬಂದು ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ನನ್ನ ವಿದ್ಯಾರ್ಥಿನಿ ಕೇಳಿದಳು:

"ಸರ್, ನೀವು ಬಂದಿದ್ದು ಮಕ್ಕಳನ್ನ ನೋಡಾಕಲ್ಲ. ನನ್ನ ನೋಡಾಕ. ಹೌದಲ್ರಿ?"

"ಹೌದು," ಅಂದೆ. "ಬರದಿದ್ರ ಸುಳ್ಳು ಅಧ್ಯಾಯಕ್ಕ ಸಹಿ ಹಾಕ್ತಿದ್ದೆ."

"ಅದು ಖರೇರಿ," ಅಂದಳು. ಬೆಳಿಗ್ಗೆ ಯಾರಿಗೆ ಮೆಸೇಜ್ ಹಾಕಿದ್ದಳು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಮಾರನೆಯ ವಾರವೇ ಆ ಹಳ್ಳಿಗೆ ಒಬ್ಬಳೇ ಹೋದಳು. ಕನ್ನಡ ಬಾರದ ತಾಯಂದಿರು ಮಕ್ಕಳಿಗೆ ಕನ್ನಡ ಹೇಗೆ ಕಲಿಸಿದರು ಎಂದು ಅವರನ್ನೇ ಕೂಡಿಸಿ ಕೇಳಿ ಹೊಸ ಅಧ್ಯಾಯ ಬರೆದಳು. ಹಳೆಯದಕ್ಕಿಂತ ಎಷ್ಟೋ ಚಲೋ ಇತ್ತು. ರಜೆಯೊಳಗೆ ಪ್ರಬಂಧ ಸಲ್ಲಿಕೆಯಾಯಿತು, ನಾನು ಕಣ್ಣು ಮುಚ್ಚಿ ಸಹಿ ಹಾಕಿದೆ.

ವೈವಾ ಇನ್ನೂ ಆಗಿಲ್ಲ. ಏನಾದರೂ ಕೇಳಲು ಅವಳು ನನ್ನ ಕೊಠಡಿಗೆ ಬರುತ್ತಿರುತ್ತಾಳೆ. ಬಂದವಳೇ ಫೋನ್ ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತುತ್ತಾಳೆ. ಸ್ಥಳ, ತಾರೀಖು, ಮಾತಾಡುವವರು ಯಾರು ಎಂದು ಮೊದಲು ಹೇಳುತ್ತಾಳೆ, ಹಾಗೆ ಹೇಳಬೇಕೆಂದು ಕಲಿಸಿದವನು ನಾನೇ. "ಇರ್ಲಿ ಅಂತ್ರಿ ಸರ್," ಅನ್ನುತ್ತಾಳೆ, ನಗುತ್ತಲೇ. ಈಗ ಬಾಗಿಲಾಚೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಮ್ಮೆ ಒಪ್ಪಿಸಿಕೊಳ್ಳುತ್ತೇನೆ. ಎಲ್ಲೂ ತಡವರಿಸುವುದಿಲ್ಲ.