ಗೋಡೆಯ ಆಚೆ ರಸ್ತೆ ಬಂತು

ಔರಾದದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಅದು ನಡೆಯುವುದು ನನ್ನ ಜಾಣತನದಿಂದ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಒಂದು ಬೇಸಿಗೆಯಲ್ಲಿ ಅಂಗಡಿ ಮುಂದಿನ ಬಾವಿ ಬತ್ತಿತು. ನೀರಿಗೆ ಬರುತ್ತಿದ್ದ ಹೆಂಗಸರು ಊರಾಚೆಯ ಬಾವಿಗೆ ನಡೆದರು. ನನ್ನ ಜಾಣತನವೂ ಅವರ ಕೊಡಗಳ ಹಿಂದೆಯೇ ಹೋಯಿತು. ಗಾದಿಯ ಮೇಲೆ ಕೂತು ನೊಣ ಹೊಡೆದೆ. ಮಳೆಗಾಲದಲ್ಲಿ ಬಾವಿ ತುಂಬಿದ ಮೇಲೆ ಮತ್ತೆ ಜಾಣನಾದೆ. ಅಂದಿನಿಂದ ಯಾವ ಊರಿಗೆ ಹೋದರೂ ನಾನು ಗುಡಿ ಗೋಪುರ ನೋಡುವುದಿಲ್ಲ. ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಎಂದು ನೋಡುತ್ತೇನೆ.

ಬೀದರನ್ನೇ ನೋಡಿ. ಹಿಂದಿನ ಸುಲ್ತಾನರು ಕೋಟೆಯ ಕಡೆಯಿಂದ ಒಂದು ನೇರ ರಸ್ತೆ ಎಳೆದು, ಅದಕ್ಕೆ ಅಡ್ಡಲಾಗಿ ಇನ್ನೊಂದು ಎಳೆದು, ಎರಡೂ ಕೂಡುವಲ್ಲಿ ಚೌಬಾರಾದ ಗೋಪುರ ನಿಲ್ಲಿಸಿದರು. ದಿಕ್ಕುದಿಕ್ಕಿನ ಜನ ಅಲ್ಲಿ ಸೇರುವುದರಿಂದ ಹಣ್ಣು, ಬಳೆ, ಅತ್ತರು, ಜಗಳ ಎಲ್ಲವೂ ಅಲ್ಲೇ ಸಿಗುತ್ತವೆ. ಆ ರಸ್ತೆಗಳು ಆನೆ ಕುದುರೆಗಳಿಗೆ ಮಾಡಿದವು. ಉಳಿದವರಿಗೆ ಗಲ್ಲಿಗಳು. ಅವು ತಿರುಗಿ ತಿರುಗಿ ಕೊನೆಗೆ ಯಾರದೋ ಮನೆಯ ಬಾಗಿಲಲ್ಲಿ ಮುಗಿಯುತ್ತವೆ. ಎಷ್ಟೋ ಸಲ ಗುರುತಿಲ್ಲದವರ ಅಂಗಳದಲ್ಲಿ ನಿಂತು, "ಯಾರ ಬೇಕಾಗಿತ್ರಿ?" ಎಂದು ಕೇಳಿಸಿಕೊಂಡು ಹಿಂದಿರುಗಿ ಬಂದಿದ್ದೇನೆ.

ಅಂಥದೇ ಒಂದು ಗಲ್ಲಿಯ ಕೊನೆಯ ಮನೆಗೆ ನಮ್ಮ ಅಕ್ಕ ಕಾಶಮ್ಮನನ್ನು ನಮ್ಮ ಹುಟ್ಟೂರು ಭಾಲ್ಕಿಯಿಂದ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಹಿರಿಯರು ಕೂತು, ಆಕೆ ಇರುವ ತನಕ ಮನೆಯ ಹಿಂದಿನ ಖೋಲಿ ಆಕೆಯದು ಎಂದು ಮಾತು ಕೊಟ್ಟರು. ಅದು ಬೇರೆ ಯಾರಿಗೂ ಬೇಡವಾಗಿತ್ತು, ಹಾಗಾಗಿ ಕೊಡುವುದು ಸುಲಭವಾಯಿತು. ಕೋಣೆಯೊಳಗೆ ಬೆಳಕಿಲ್ಲ. ಹಿಂದಿನ ಗೋಡೆಯ ಆಚೆ ಕಸ ಚೆಲ್ಲುವ ಒಂದು ಸಂದಿ. ಅದರ ಒಂದು ತುದಿ ಬಜಾರಿಗೆ, ಇನ್ನೊಂದು ತುದಿಗೆ ಅಡ್ಡಲಾಗಿ ಒಂದು ಪಾಳುಮನೆ. ಬಜಾರು ಅಷ್ಟು ಹತ್ತಿರ ಇದ್ದರೂ ಆ ಕಡೆ ಬಾಗಿಲಿಲ್ಲ. ಅಕ್ಕ ಹೊರಗೆ ಹೋಗಬೇಕೆಂದರೆ ಮುಂಬಾಗಿಲಿನಿಂದ ಇಳಿದು, ಗಲ್ಲಿಯ ಪ್ರತಿ ಕಟ್ಟೆಯ ಮೇಲಿನವರಿಗೂ ಎಲ್ಲಿಗೆ, ಯಾಕೆ ಎಂದು ಹೇಳಿ ಹೋಗಬೇಕು.

ಅಕ್ಕನ ಕೈಯ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ನಮ್ಮ ಕಡೆ ಹೆಸರಿತ್ತು. ಒಮ್ಮೆ ನಾನು ಹೋದಾಗ ಹೇಳಿದಳು: "ತಮ್ಮಾ, ಈ ಗೋಡಿಗಿ ಒಂದು ಸಣ್ಣ ಬಾಗಲ ಇಟ್ಟರ ನಾ ಹಿಂಡಿ ಮಾರಿ ಬದುಕ್ತೇನಿ. ದಿನಾ ಅವರ ಕೈ ನೋಡೋದು ತಪ್ತದ. ನೀ ಒಂದು ಮಾತು ಕೇಳು."

ಮನೆಯ ಯಜಮಾನ ಅಕ್ಕನ ಭಾವ ವೀರಭದ್ರಪ್ಪ. ದಿನವೂ ಲಿಂಗಪೂಜೆ ಮಾಡುವವರು, ಶರಣರ ಕಾಯಕದ ಬಗ್ಗೆ ಊಟ ಆರುವ ತನಕ ಮಾತಾಡಬಲ್ಲವರು. ಎಲೆಗೆ ಸುಣ್ಣ ಹಚ್ಚುತ್ತ ನನ್ನ ಮಾತು ಕೇಳಿದರು.

"ಮನಿಗಿ ಎರಡು ಬಾಗಲ ಇದ್ರ ಮರ್ಯಾದಿ ಯಾವ ಬಾಗಲದಿಂದ ಹೋಯ್ತು ಗೊತ್ತಾಗಂಗಿಲ್ರಿ. ಅದು ನಮ್ಮ ಅಪ್ಪ ಕಟ್ಟಿಸಿದ ಗೋಡಿ. ಅದಕ್ಕ ಕೈ ಹಚ್ಚೋದಿಲ್ಲ."

ಕೆಲವು ವರ್ಷ ಹೋದವು. ಸಂದಿಗೆ ಅಡ್ಡವಿದ್ದ ಪಾಳುಮನೆಯನ್ನು ಸರ್ಕಾರದವರು ಕೆಡವಿಸಿ, ದಾರಿ ಅಗಲ ಮಾಡಿ, ಕಾಳಿನ ಬಜಾರಿಗೆ ಕೂಡಿಸಿದರು. ಮೊದಲು ನಡೆಯುವ ಜನ ಬಂದರು, ಆಮೇಲೆ ತೊಗರಿ ಚೀಲದ ಬಂಡಿಗಳು, ಆಮೇಲೆ ಎತ್ತುಗಳಿಗೆ ಮೇವು ಮಾರುವವರು, ಚಹಾದವ, ಲಾಳ ಹೊಡೆಯುವವ. ಒಂದು ಪಾಳುಮನೆ ಬಿದ್ದದ್ದೇ ತಡ, ಆ ಓಣಿ ಪೂರ್ತಿ ಮಗ್ಗಲು ಬದಲಿಸಿ ಮಲಗಿತು. ನಿನ್ನೆಯ ತನಕ ಬೆನ್ನಾಗಿದ್ದ ಗೋಡೆಗಳು ಮುಖಗಳಾದವು.

ತಂದೆ ಕಟ್ಟಿಸಿದ ಗೋಡೆಯನ್ನು ವೀರಭದ್ರಪ್ಪನವರೇ ಮುಂದೆ ನಿಂತು ಒಡೆಸಿದರು. ಖೋಲಿ ರೈತರ ಕಾಳು ಮಾರಿಕೊಡುವ ಒಬ್ಬ ಅಡತಿ ವ್ಯಾಪಾರಿಗೆ ಬಾಡಿಗೆಗೆ ಹೋಯಿತು. ಅವನ ಮಾಲು ಭದ್ರವಾಗಿರಲೆಂದು ಮನೆಯೊಳಗಿಂದ ಖೋಲಿಗಿದ್ದ ಬಾಗಿಲನ್ನು ಕಲ್ಲು ಮಣ್ಣು ತುಂಬಿ ಮುಚ್ಚಿದರು. ಅಕ್ಕನ ಟ್ರಂಕು, ಚಾಪೆ, ಬೀಸುಕಲ್ಲು ಮನೆಯ ಒಳಬದಿಯಲ್ಲಿ ಆ ಮುಚ್ಚಿದ ಬಾಗಿಲಿಗೆ ಹೊಂದಿಕೊಂಡಿದ್ದ ದನದ ಕೊಟ್ಟಿಗೆಗೆ ಬಂದವು.

ಸುದ್ದಿ ತಿಳಿದು ಬಂಡಿ ಹೂಡಿಸಿಕೊಂಡು ಹೋದೆ. "ಹಿರಿಯರು ಮಾತು ಕೊಟ್ಟಿದ್ರಲ್ರಿ?" ಎಂದೆ.

"ಕೊಟ್ಟಿದ್ದು ಖೋಲಿರಿ. ಈಗ ಇದು ಅಂಗಡಿ ಅದ. ಅಂಗಡಿ ಯಾರ ಕೊಟ್ಟಿದ್ರು?" ಎಂದರು ವೀರಭದ್ರಪ್ಪ, ಸಿಟ್ಟಿಲ್ಲದೆ, ಲೆಕ್ಕ ಹೇಳಿಕೊಡುವವರ ಹಾಗೆ.

ಆ ಹಿರಿಯರಲ್ಲಿ ಬದುಕಿದ್ದ ಇಬ್ಬರ ಬಳಿಗೆ ಹೋದೆ. ಒಬ್ಬರಿಗೆ ನೆನಪು ಹೋಗಿತ್ತು. ಇನ್ನೊಬ್ಬರ ಮನೆಯ ಹಿಂಗೋಡೆಯೂ ಅದೇ ಹೊಸ ರಸ್ತೆಗಿತ್ತು. ಗೌಂಡಿ ಕೆಲಸ ನಡೆದಿತ್ತು. ಅವರು ನನಗೆ ಬೆಲ್ಲ ನೀರು ಕೊಟ್ಟು ಕಳಿಸಿದರು.

"ಔರಾದಕ್ಕ ನಡಿ ಅಕ್ಕ" ಎಂದೆ.

"ಬಂದು ನಿನ್ನ ಹೆಂಡತಿ ಕೈ ನೋಡ್ಲೇನು?" ಎಂದಳು ಅಕ್ಕ. "ಇಲ್ಲಿ ರಸ್ತಾ ಅದ. ರಸ್ತಾ ನಮ್ಮ ಭಾವಂದಲ್ಲ."

ಮರುವಾರದಿಂದ ಅದೇ ಅಂಗಡಿಯ ಪಕ್ಕಕ್ಕೆ, ರಸ್ತೆಯ ಅಂಚಿನಲ್ಲಿ, ಬುಟ್ಟಿ ಇಟ್ಟುಕೊಂಡು ಕೂತಳು. ಚೀಲ ಇಳಿಸುವಾಗ ಏಳುವ ಧೂಳಿಗೆ ಹಿಂಡಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ತನ್ನ ಮೇಲೆ ಬಿಸಿಲಿಗೆ ಮುಚ್ಚಿಕೊಳ್ಳಲು ಸೆರಗು ಒಂದೇ. ಮನೆತನದ ಮರ್ಯಾದೆ ಬೀದಿಗೆ ಬಂತೆಂದು ಭಾವ ಹೆಂಡತಿಯ ಕೈಲಿ ಹೇಳಿ ಕಳಿಸಿದರು. "ಒಳಗ ಜಾಗ ಇದ್ದಿದ್ರ ಮರ್ಯಾದಿನೂ ಒಳಗೇ ಇಡ್ತಿದ್ದೆ, ಅಂತ ಹೇಳು" ಎಂದಳಂತೆ ಅಕ್ಕ. ಹಿಂಡಿ ಖರ್ಚಾಗುತ್ತಿತ್ತು. ಮೈ ಕರಗುತ್ತಿತ್ತು.

ಹೋದ ಸಲ ನಾನೂ ಪಕ್ಕದಲ್ಲಿ ಕೂತಿದ್ದೆ. ಸಂತೆಗೆ ಬಂದ ಭಾತಂಬ್ರಾದ ಹೆಂಗಸೊಬ್ಬಳು ಹಿಂಡಿ ಕಟ್ಟಿಸಿಕೊಳ್ಳುತ್ತ, "ಯಾವ ಮನಿಯಾಕಿ ಯವ್ವಾ ನೀ?" ಎಂದು ಕೇಳಿದಳು. ಅಕ್ಕ ತಿರುಗಿ ನೋಡದೆ ಬೆನ್ನ ಹಿಂದಿನ ಗೋಡೆಗೆ ಕೈ ತೋರಿಸಿದಳು. "ಇದೇ ಮನಿ ನೋಡವ್ವ. ಒಳಗ ಹೋಗಬೇಕಂದ್ರ ಮಾತ್ರ ಚೌಬಾರಾ ಸುತ್ತಿ ಹೋಗಬೇಕು."

ತಮಾಷೆ ಎಂದುಕೊಂಡು ಆಕೆ ನಕ್ಕಳು. ಅಕ್ಕನೂ ನಕ್ಕಳು.

ಹೊತ್ತು ಇಳಿದಾಗ ಬುಟ್ಟಿ ಎತ್ತಿಕೊಂಡು ಹೊರಟೆವು. ಚೌಬಾರಾ ದಾಟಿ, ಗಲ್ಲಿ ಹೊಕ್ಕು, ಕಟ್ಟೆಕಟ್ಟೆಗೂ ಉತ್ತರ ಕೊಟ್ಟು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ನನಗೆ ಏದುಸಿರು. ಅಕ್ಕ ಕಾಲು ತೊಳೆದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಮರುದಿನದ ಶೇಂಗಾ ಆರಿಸಲು ಕೂತಳು. ಆಚೆ ಅಡತಿಯವನ ಆಳುಗಳು ಇನ್ನೂ ತೂಕ ಕೂಗುತ್ತಿದ್ದರು; ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಕೇಳಿದೇನ ತಮ್ಮಾ," ಎಂದಳು ಅಕ್ಕ, "ಎಷ್ಟ ಸಮೀಪ ಅದ."