ಫರ್ಶಿಯ ಮೇಲೆ ಅಕ್ಕ ಬರೆದದ್ದು

ಅಕ್ಕ ಬರೆಯುವುದನ್ನು ಬಿಟ್ಟದ್ದು ನನ್ನಿಂದ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ತೀರಿಕೊಂಡ ಮೇಲೆ ಶಹಾಬಾದಿನ ನಮ್ಮ ಮನೆಗೆ ಬಂದಳು. ನಾನು ಆಗ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಗುಮಾಸ್ತ. ನೆಲಕ್ಕೆ ಹಾಸುವ ಫರ್ಶಿಕಲ್ಲುಗಳಲ್ಲಿ ಅಂಚು ಮುರಿದವನ್ನು ಯಾರೂ ಕೊಳ್ಳುವುದಿಲ್ಲವೆಂದು ತಂದು ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದೆ. ಅಕ್ಕ ಸುಣ್ಣದಲ್ಲಿ ಕಡ್ಡಿ ಅದ್ದಿ ಅವುಗಳ ಮೇಲೆ ಬರೆಯತೊಡಗಿದಳು. ಅಕ್ಷರವಲ್ಲ, ಚಿತ್ರವೂ ಅಲ್ಲ. ದೂರದಿಂದ ಯಾರೋ ಪುಟ ತುಂಬ ಬರೆದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಒಂದು ಪದವೂ ಇಲ್ಲ. ಕೆಲವು ಸಾಲು ಉರ್ದುವಿನಂತೆ ಬಲಗಡೆಯಿಂದ ಹೊರಟು ನಡುವೆಯೇ ನಿಂತುಬಿಡುತ್ತಿದ್ದವು.

“ಏನಂತ ಬರ್ದೀ ಅಕ್ಕಾ?”

“ಏನಂತನೂ ಇಲ್ಲ. ಹೊಟ್ಟ್ಯಾಗಿಂದು ಕೈಗೆ ಬರ್ತದ, ಇಳಸ್ತೀನಿ. ನೀ ಓದಬ್ಯಾಡ, ಸುಮ್ನ ನೋಡು.”

ನೋಡುತ್ತಿದ್ದೆ. ಗಂಡನ ನೆನಪು ಕಾಡಿದ ದಿನ ಸಾಲುಗಳು ಒತ್ತೊತ್ತಾಗಿರುತ್ತಿದ್ದವು. ಅಷ್ಟು ನನಗೆ ತಿಳಿಯುತ್ತಿತ್ತು.

ಒಂದು ಬೇಸಿಗೆ ಪಕ್ಕದ ಮನೆಯ ಸೊಸೆಗೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ನಮ್ಮ ಕಡೆ ಕಾರಣ ತಿಳಿಯದ ಕೇಡಿಗೆಲ್ಲ ಭಾನಾಮತಿ, ಯಾರೋ ಮಾಟ ಮಾಡಿದ್ದಾರೆ, ಅನ್ನುತ್ತಾರೆ. ಆ ಸೊಸೆಯ ಅತ್ತೆ ನಾಲ್ಕು ಮಂದಿಯನ್ನು ಕರೆದುಕೊಂಡು ನಮ್ಮ ಹಿತ್ತಲಿಗೆ ಬಂದಳು.

“ಅಣ್ಣಾ, ನೀವು ಮ್ಯಾಟ್ರಿಕ್ ಪಾಸಾದವ್ರು. ಇದ್ರಾಗ ಏನ್ ಬರ್ದಾಳ ಓದಿ ಹೇಳ್ರಿ.”

ಅಕ್ಕ ನನ್ನ ಮುಖ ನೋಡಿದಳು. ಇದರಲ್ಲಿ ಮಾತೇ ಇಲ್ಲ, ತನ್ನ ಸಂಕಟಕ್ಕೆ ಬರೆದುಕೊಳ್ಳುತ್ತಾಳೆ ಎಂದು ಹೇಳಬಹುದಿತ್ತು. ಅವಳ ಪರ ನಿಂತರೆ ಮನೆಮಂದಿಗೆಲ್ಲ ಮಾಟಗಾರರೆಂಬ ಹೆಸರು ಅಂಟುತ್ತದೆಂದು ಹೆದರಿದೆ.

“ನಂಗ ತಿಳೀವಲ್ದು. ಇಂಥಾದ್ದು ಸಾಲ್ಯಾಗ ಕಲ್ಸಿಲ್ಲ,” ಅಂದೆ.

“ಓದಿದವ್ರಿಗೇ ತಿಳೀವಲ್ದಂದ್ರ ಮಂತ್ರನೇ ಅದು,” ಅಂದಳು ಆ ಅತ್ತೆ.

ಫರ್ಶಿಗಳನ್ನೆಲ್ಲ ಒಡೆದರು. ಒಬ್ಬ ಆ ಚೂರಿನಿಂದಲೇ ಅಕ್ಕನ ಬಲಗೈ ಬೆರಳು ಜಜ್ಜಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಮರುದಿನ ಚಂದ್ರಂಪಳ್ಳಿ ಕಡೆಯ ಚಿಕ್ಕಮ್ಮನ ಮನೆಗೆಂದು ಅವಳನ್ನು ಚಿಂಚೋಳಿ ಬಸ್ಸಿಗೆ ಹತ್ತಿಸಿದವನೂ ನಾನೇ.

ಕಳೆದ ವರ್ಷ ಅವಳಲ್ಲಿಗೆ ಹೋಗಿದ್ದೆ, ಹಾಳೆ ಮತ್ತು ಪೆನ್ನು ತೆಗೆದುಕೊಂಡು.

“ತಪ್ಪಾಗ್ಯದ ಅಕ್ಕಾ. ಗೊತ್ತಿದ್ದೂ ಗೊತ್ತಿಲ್ಲಂದೆ. ಮತ್ತ ಬರಿ.”

“ಬೆರಳು ಎಂದೋ ನೆಟ್ಟಗಾಗ್ಯಾವ. ರೊಟ್ಟಿ ಬಡಿಲಾಕತ್ತೀನಲ್ಲ, ಕಾಣವಲ್ದೇನು?”

“ಮತ್ಯಾಕ ಬರ್ಯಂಗಿಲ್ಲ?”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು.

“ಬರಿಲಿಕ್ಕೆ ಕುಂತ್ರ ಹಿಂದ ನಿಂತು ಯಾರೋ ಓದ್ಲಿಕತ್ತಂಗ ಆಗ್ತದ. ಕೈ ಏಳವಲ್ದು. ನೀ ಉಣ್ಣು, ಬಸ್ಸಿಗೆ ಹೊತ್ತಾಗ್ತದ.”

ಉಂಡೆ. ಹಾಳೆ ಅಲ್ಲಿಯೇ ಬಿಡಲು ಧೈರ್ಯ ಬರಲಿಲ್ಲ.