ಹೋಗುವ ದಿನದ ಸತ್ಯವಂತ

ಮೊನ್ನೆ ಅಟ್ಟದ ಮೇಲಿದ್ದ ಅಕ್ಕಿಯ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಮುಗ್ಗಲು ವಾಸನೆ ಮುಖಕ್ಕೇ ಹೊಡೆಯಿತು. ಅಕ್ಕಿಯ ತುಂಬ ಹುಳ, ಕಾಳಿಗೆ ಕಾಳು ಅಂಟಿ ಗಂಟುಗಂಟಾಗಿತ್ತು. ಮೊರಕ್ಕೆ ಸುರಿದುಕೊಂಡು ಆರಿಸುತ್ತ ಕೂತವಳಿಗೆ ನೆನಪಾದವರು ನಮ್ಮ ಶಾಲೆಯ ಗಣಿತದ ಸರ್. ಈ ವಾಸನೆಯನ್ನು ಎಷ್ಟೋ ವರ್ಷ ದಿನಾಲೂ ಸಹಿಸಿಕೊಂಡು, ಶಾಲೆ ಬಿಡುವ ದಿನ ಮಾತ್ರ ಮೂಗು ಮುಚ್ಚಿಕೊಂಡ ಮಹಾನುಭಾವರು ಅವರು.

ಗಡಿಯೂರು ಉಮದಿಯಿಂದ ಒಳಗೆ ಹೊರಳುವ ರಸ್ತೆಯಲ್ಲಿ ನಮ್ಮ ಶಾಲೆ. ಖಾಸಗಿ ಸಂಸ್ಥೆಯದು, ಕನ್ನಡ ಮಾಧ್ಯಮ. ಕಾಗದಪತ್ರವೆಲ್ಲ ಮರಾಠಿಯಲ್ಲಿ, ಬೈದಾಟವೆಲ್ಲ ಕನ್ನಡದಲ್ಲಿ. ನಾನಲ್ಲಿ ಕನ್ನಡ ಕಲಿಸುತ್ತೇನೆ. ಗಣಿತದ ಸರ್ ನನಗಿಂತ ನಾಲ್ಕು ವರ್ಷ ಮೊದಲು ಸೇರಿದವರು. ಲೆಕ್ಕ ಚೆನ್ನಾಗಿ ಕಲಿಸುತ್ತಿದ್ದರು, ಸುಳ್ಳೇಕೆ ಹೇಳಲಿ. ಆದರೆ ಹೆಡ್‌ಮಾಸ್ತರರು ಆಚೆ ಹೋದರೆ ಸ್ಟಾಫ್ ರೂಮಿನಲ್ಲಿ ಅವರು ಹುಲಿ. ಹೆಡ್‌ಮಾಸ್ತರರ ಚಪ್ಪಲಿ ಸಪ್ಪಳ ಕೇಳಿಸಿತೋ, ಎದ್ದು ನಿಂತು “ಹೌದ್ರಿ ಸರ”. ಎಂಥೆಂಥ ಬಾಲ ಅಲ್ಲಾಡಿಸುವವರನ್ನೋ ನೋಡಿದ್ದೇನೆ, ಇಷ್ಟು ಲಗುಬಗೆಯಿಂದ ಅಲ್ಲಾಡಿಸಿದವರನ್ನು ನೋಡಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನ ಖಿಚಡಿ ಕೊಡುತ್ತಾರೆ. ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಿ, ಹೇಗಿದೆ ಎಂದು ವಹಿಯಲ್ಲಿ ಬರೆದು ಸಹಿ ಹಾಕಬೇಕು. ಆ ಕೆಲಸ ಗಣಿತದ ಸರ್‌ದು. ಅವರು ಖಿಚಡಿಯನ್ನು ಬೆರಳ ತುದಿಯಿಂದಲೂ ಮುಟ್ಟಿದ್ದನ್ನು ನಾನು ಕಾಣೆ. ಬೆಳಿಗ್ಗೆ ಒಲೆ ಹೊತ್ತುವ ಮೊದಲೇ “ಉತ್ತಮ” ಎಂದು ಬರೆದು ಮುಗಿಸುತ್ತಿದ್ದರು. ಅಕ್ಷರ ಮಾತ್ರ ಮುತ್ತಿನಂಥವು.

ಅಕ್ಕಿ ಉತ್ತಮವಾಗಿರಲಿಲ್ಲ. ಬಂದ ಚಲೋ ಚೀಲಗಳು ಹೆಡ್‌ಮಾಸ್ತರರ ಮನೆಯ ದಾರಿ ಹಿಡಿಯುತ್ತಿದ್ದವು, ಹಿಂದಿನ ಕೋಣೆಯ ಹಳೆಯ ಚೀಲಗಳು ಒಲೆಗೆ ಬರುತ್ತಿದ್ದವು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಡಬ್ಬಿ ಬಿಚ್ಚಿ ಮನೆಯ ರೊಟ್ಟಿ ತಿನ್ನುತ್ತಿದ್ದೆವು.

ಸಂಕಟಪಟ್ಟವಳು ಒಬ್ಬಳೇ, ಖಿಚಡಿ ಮಾಡುವ ಅಕ್ಕ. ಮಕ್ಕಳು ಹಾಗೆ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅವಳ ಮಗಳು ಅದೇ ಶಾಲೆಯಲ್ಲಿ ಏಳನೆಯ ವರ್ಗದಲ್ಲಿದ್ದಳು. ಮಗಳ ಜೊತೆ ಬಂದು ಮಗಳ ಜೊತೆ ಮನೆಗೆ ಹೋಗಬಹುದಾದ ಕೆಲಸ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಒಂದು ದಿನ ವಹಿ ಹಿಡಿದು ಬಂದ ಸರ್ ಮುಂದೆ ಅವಳು ಮೊರ ತಂದಿಟ್ಟಳು. ನಾನು ಅಲ್ಲೇ ನೀರು ಕುಡಿಯುತ್ತಿದ್ದೆ.

“ಹುಳಾ ಆರಿಸಿ ಆರಿಸಿ ಕಣ್ಣು ಹೋದುವ್ರಿ ಸರ. ನೀವರ ಒಂದ್ಸಲ ವಹ್ಯಾಗ ಬರೀರಿ. ನನ್ನ ಹೆಸರ ಮಾತ್ರ ಬ್ಯಾಡ್ರಿ.”

“ನೋಡೂಣ ತಗೋ” ಎಂದರು ಸರ್. ಜೇಬಿನಿಂದ ಪೆನ್ನು ತೆಗೆದರು. ಉತ್ತಮ ಎಂದು ಬರೆದರು.

ಅದಾಗಿ ಎರಡು ಮೂರು ತಿಂಗಳಿಗೆ ಅವರಿಗೆ ವಿಜಯಪುರದ ಕಡೆ ದೊಡ್ಡ ವಸತಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ರಾಜೀನಾಮೆ ಮಂಜೂರಾಯಿತು, ಕೈಗೆ ಬರಬೇಕಾದ ಕಾಗದಗಳೆಲ್ಲ ಬಂದವು. ಕೊನೆಯ ದಿನ ನಿರೋಪ ಸಮಾರಂಭ, ಅಂದರೆ ಬೀಳ್ಕೊಡುಗೆ. ನಮ್ಮ ಕಡೆ ಯಾರನ್ನೂ ಶಾಲು, ತೆಂಗಿನಕಾಯಿ, ನಾಲ್ಕು ಹೊಗಳಿಕೆಯ ಮಾತು ಇಲ್ಲದೆ ಕಳಿಸುವುದಿಲ್ಲ. ಹೊಗಳಿಸಿಕೊಂಡವರೂ ತಿರುಗಿ ನಾಲ್ಕು ಮಾತು ಹೊಗಳಿ ಕೈಮುಗಿಯಬೇಕು. ಸಂಸ್ಥೆಯ ಚೇರ್ಮನ್ನರು, ಹೆಡ್‌ಮಾಸ್ತರರು, ಪಾಲಕರು, ಎಲ್ಲರೂ ಇದ್ದರು. ಅಕ್ಕ ಶಿರಾದ ತಾಟುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಸರ್ ಶಾಲು ಸರಿಮಾಡಿಕೊಂಡು ಎದ್ದರು. “ನಾ ಹೋಗಾಂವ. ಇನ್ನ ನನಗ ಯಾರ ಅಂಜಿಕಿ? ಖರೇನ ಹೇಳ್ತೀನಿ” ಎಂದು ಸುರುಮಾಡಿದರು. ಎದೆ ಉಬ್ಬಿತ್ತು, ದನಿ ನಡುಗುತ್ತಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಮಕ್ಕಳಿಗೆ ಹುಳದ ಅಕ್ಕಿ ಕುದಿಸಿ ಹಾಕುತ್ತಾರೆ ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಅವರನ್ನು ಇಂದಿಗೂ ಹೊಗಳುತ್ತಿದ್ದೆನೇನೋ... ಹೆಡ್‌ಮಾಸ್ತರರು “ಸುಳ್ಳ” ಎಂದು ಎದ್ದದ್ದೇ ತಡ, ಸರ್ ಕೈ ಬಾಗಿಲ ಕಡೆ ಹೋಯಿತು.

“ಸುಳ್ಳಂದ್ರ ಖಿಚಡಿ ಅಕ್ಕನ್ನ ಕೇಳ್ರಿ! ಆಕೀನ ನನ್ನ ಮುಂದ ಹೇಳ್ಯಾಳ!”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಎಷ್ಟೋ ವರ್ಷಗಳ ವಹಿ ಪಕ್ಕದ ಕೋಣೆಯಲ್ಲಿತ್ತು, ಅದರ ತುಂಬ ಅವರದೇ ಸಹಿ ಇತ್ತು. ಬರೆಯಬೇಕಾದದ್ದನ್ನು ಬರೆಯಲಿಲ್ಲ, ಹೇಳಬಾರದ ಹೆಸರನ್ನು ಹೇಳಿದರು. ಚೇರ್ಮನ್ನರು ಬಾಗಿಲ ಕಡೆ ತಿರುಗಿ “ಏನವಾ, ಖರೇನ?” ಎಂದರು. ಅಕ್ಕ ನನ್ನ ಕಡೆ ನೋಡಿದಳು. ಎರಡನೆಯ ಸಾಲಿನಲ್ಲಿ ಕೂತಿದ್ದ ನಾನು ಸೆರಗಿನ ಅಂಚು ನೋಡತೊಡಗಿದೆ.

“ನಾ ಏನೂ ಅಂದಿಲ್ರಿ ಸಾಹೇಬ್ರ. ಅಕ್ಕಿ ಚಲೋ ಅದಾವ್ರಿ” ಎಂದಳು.

ಸರ್ ಅವಳನ್ನು ನೋಡಿ ತಲೆ ಅಲ್ಲಾಡಿಸಿದರು, ಪಾಪದವಳು, ಧೈರ್ಯ ಸಾಲದು ಎಂಬಂತೆ. ಹಿಂದಿನ ಸಾಲಿನ ಪಾಲಕರು ಚಪ್ಪಾಳೆ ತಟ್ಟಿದರು. ಹೇಳಲು ನಾಚಿಕೆಯಾಗುತ್ತದೆ, ನಾನೂ ತಟ್ಟಿದೆ. ಸಂಜೆಯ ಬಸ್ಸಿಗೆ ಸತ್ಯವಂತರು ವಿಜಯಪುರಕ್ಕೆ ಹೋದರು, ತೆಂಗಿನಕಾಯಿಯನ್ನೂ ಬಿಡಲಿಲ್ಲ.

ಸೋಮವಾರ ಒಲೆಯ ಮುಂದೆ ಬೇರೆ ಹೆಂಗಸಿದ್ದಳು. ಮುಂದೆ ಹದಿನೈದು ದಿನ ಚಲೋ ಅಕ್ಕಿ ಬಂತು, ಅದನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಮತ್ತೆ ಅದೇ ಚೀಲ, ಅದೇ ವಾಸನೆ. ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸರ್ ಬಗ್ಗೆ ಇಷ್ಟು ನಾಲಿಗೆ ಹರಿಬಿಡುವ ನಾನು ಏನು ಬರೆದೆ? ಮೊದಲ ವಾರ ಒಂದು ಚಮಚ ಬಾಯಿಗಿಟ್ಟು ಬರೆದೆ. ಆಮೇಲೆ ಬಾಯಿಗಿಡದೆಯೇ ಬರೆದೆ. ಉತ್ತಮ. ಅಕ್ಕನ ಮಗಳು ಮಾತ್ರ ಊಟಕ್ಕೆ ತಾಟು ತರುವುದನ್ನು ಬಿಟ್ಟಳು. ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಗೋಡೆಯ ಕಡೆ ಮುಖಮಾಡಿ ತಿನ್ನುತ್ತಿದ್ದಳು... ನನ್ನ ತರಗತಿಯಲ್ಲಿ ಆಮೇಲೆ ಅವಳು ಕೈ ಎತ್ತಿದ್ದು ನೆನಪಿಲ್ಲ.

ಹೋದ ವರ್ಷ ಗಣಿತದ ಸರ್ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಫೋಟೋ ಬಂತು, ಹೆಗಲ ಮೇಲೆ ಅದೇ ಶಾಲು. ನೇರ ನುಡಿಯ ಗುರುಗಳು, ಯಾರಿಗೂ ಅಂಜದವರು ಎಂದೆಲ್ಲ ಬರೆದಿದ್ದರು. ಕೈಮುಗಿಯುವ ಚಿತ್ರಗಳ ಸಾಲೇ ಸಾಲು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಫೋನು ಮಗುಚಿಟ್ಟೆ.

ಬರುವ ತಿಂಗಳು ನನ್ನದೂ ನಿವೃತ್ತಿ. ಹೊಸ ಶಿಕ್ಷಕರು ಈಗಲೇ ಬೆನ್ನು ಹತ್ತಿದ್ದಾರೆ: “ಮ್ಯಾಡಮ್, ಆ ಸರ್ ಹಂಗ ನೀವೂ ಖರೇ ಖರೇ ಮಾತಾಡಿ ಹೋಗ್ರಿ.” ಕೇಳಿದರೆ ಮೈ ಉರಿಯುತ್ತದೆ.

ನಿನ್ನೆ ಉಮದಿಯ ಸಂತೆಯಲ್ಲಿ ಅಕ್ಕ ಕಂಡಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾಳಂತೆ, ನಸುಕಿನಲ್ಲೇ ಕರೆದೊಯ್ಯಲು ಟಂಟಂ ಗಾಡಿ ಬರುತ್ತದಂತೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅಂದೇಬಿಟ್ಟೆ. “ಅವತ್ತ ಸರ್ ನಿನ್ನ ಹೆಸರ ತಗೊಬಾರದಿತ್ತ ಅಕ್ಕಾ. ದೊಡ್ಡ ತಪ್ಪ ಮಾಡಿದ್ರು.”

ಅಕ್ಕ ಚೀಲದ ಬಾಯಿ ಕಟ್ಟುತ್ತಿದ್ದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ.

“ಅಂವ ಹೋಗಾಂವಿದ್ದ, ಅಂದ. ನೀವು ಇರಾವ್ರಿದ್ರಿ, ಸುಮ್ನ ಕುಂತ್ರಿ. ನಾನೂ ಇರಾಕೀನ ಇದ್ನಿ ಮ್ಯಾಡಮ್... ನಾನ ಹೋದ್ನಿ.”

ಚೀಲ ಹೆಗಲಿಗೇರಿಸಿ “ಬರ್ತೀನ್ರಿ” ಎಂದು ಹೊರಟಳು. ನನ್ನ ನಿರೋಪಕ್ಕೆ ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.